ಪುರಾತನ ಇಂಗ್ಲಿಷ್ ಬೇಟೆ ಕೋವಿಗಳು ಮತ್ತು ಅವುಗಳ ಮೊದಲ ಮಾಲೀಕರು

ಪುರಾತನ ಇಂಗ್ಲಿಷ್ ಬೇಟೆ ಕೋವಿಗಳು ಎಂದರೆ ಸುಮಾರು 18ನೆಯ ಶತಮಾನದ ಕೊನೆಯಿಂದ ಮೊದಲನೆಯ ಮಹಾಯುದ್ಧದ ಕಾಲದವರೆಗೆ ಲಂಡನ್, ಬರ್ಮಿಂಗ್‌ಹ್ಯಾಮ್ ಹಾಗೂ ಬ್ರಿಟನ್ನಿನ ಇತರ ಪಟ್ಟಣಗಳಲ್ಲಿ ಹಕ್ಕಿಬೇಟೆಗಾಗಿ ತಯಾರಾದ ಚರೆ ಕೋವಿಗಳು. ಇವನ್ನು ಶಾಟ್‌ಗನ್ ಎಂದೂ ಕರೆಯಲಾಗುತ್ತದೆ. ಇವುಗಳಲ್ಲಿ ಉತ್ತಮ ದರ್ಜೆಯವು ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತಿದ್ದ ಸರಕಾಗಿರಲಿಲ್ಲ. ಕೊಳ್ಳುವವನ ತೋಳು, ಭುಜ ಮತ್ತು ಕಣ್ಣಿನ ಅಳತೆ ತೆಗೆದುಕೊಂಡು ಒಂದೊಂದನ್ನೂ ಬೇರೆಬೇರೆಯಾಗಿ ಕಟ್ಟಲಾಗುತ್ತಿತ್ತು. ಪ್ರತಿ ಕೋವಿಗೂ ಒಂದು ಕ್ರಮಸಂಖ್ಯೆ ಇದ್ದು, ತಯಾರಕರ ಲೆಕ್ಕದ ಪುಸ್ತಕದಲ್ಲಿ ಆ ಸಂಖ್ಯೆಯ ಎದುರು ಕೊಂಡವನ ಹೆಸರನ್ನು ಬರೆದಿಡುವ ಪದ್ಧತಿ ಇತ್ತು. ಆದುದರಿಂದ ನೂರು ವರ್ಷ ಹಳೆಯ ಕೋವಿಯೊಂದರ ಮೊದಲ ಮಾಲೀಕ ಯಾರೆಂಬುದನ್ನು ಎಷ್ಟೋ ವೇಳೆ ಖಚಿತವಾಗಿ ತಿಳಿಯಬಹುದು. ದಾಖಲೆ ಇಲ್ಲದೆ ಕೇವಲ ಕುಟುಂಬದ ಮಾತನ್ನು ಅಥವಾ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಿದರೆ ತಪ್ಪುವ ಸಂಭವವೂ ಅಷ್ಟೇ ಇದೆ.

ರಚನೆ

ಬೇಟೆ ಕೋವಿಯಿಂದ ಒಂಟಿ ಗುಂಡಿನ ಬದಲು ಅನೇಕ ಸಣ್ಣ ಸೀಸದ ಚರೆಗಳು ಒಮ್ಮೆಗೇ ಹೊರಡುತ್ತವೆ. ಹಾರುವ ಹಕ್ಕಿಯನ್ನು ಹೊಡೆಯಲು ಇದು ಅನುಕೂಲ. ಇಂಗ್ಲಿಷ್ ಕೋವಿಗಳಲ್ಲಿ ಪಕ್ಕಪಕ್ಕದಲ್ಲಿ ಎರಡು ನಳಿಗೆಗಳಿರುವ ಜೋಡುನಳಿಗೆ ಮಾದರಿಯೇ ಪ್ರಧಾನವಾದುದು. ನಳಿಗೆಯ ಒಳಗಾತ್ರವನ್ನು 'ಬೋರ್' ಎಂಬ ಮಾನದಿಂದ ಹೇಳಲಾಗುತ್ತದೆ. ಒಂದು ಪೌಂಡ್ ಸೀಸದಿಂದ ಸಮಗಾತ್ರದ 12 ಗುಂಡುಗಳನ್ನು ಮಾಡಿದರೆ ಅಂತಹ ಒಂದು ಗುಂಡು ಸರಿಯಾಗಿ ಕೂರುವ ನಳಿಗೆ 12 ಬೋರಿನದು. ಅದರ ವ್ಯಾಸ ಸುಮಾರು 18.5 ಮಿ.ಮೀ. ಸಂಖ್ಯೆ ಹೆಚ್ಚಾದಂತೆ ನಳಿಗೆ ಕಿರಿದಾಗುತ್ತದೆ. 12 ಬೋರಿನ ಒಳ್ಳೆಯ ಕೋವಿಯೊಂದು ಸುಮಾರು 3 ಕಿಲೋಗ್ರಾಂ ತೂಗುತ್ತದೆ.

ಇತಿಹಾಸ

ಹೊಡೆತದ ತಂತ್ರ ಬದಲಾದಂತೆಲ್ಲ ಕೋವಿಯ ರೂಪವೂ ಬದಲಾಯಿತು. ಆರಂಭದ ಕೋವಿಗಳು ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಕೊಳ್ಳುತ್ತಿದ್ದವು. ಮದ್ದು ಮತ್ತು ಚರೆಗಳನ್ನು ನಳಿಗೆಯ ಬಾಯಿಂದ ತುಂಬಬೇಕಾಗಿತ್ತು. ಈ ಮಾದರಿಯನ್ನು ಪರಿಷ್ಕಾರದ ತುದಿಗೆ ಒಯ್ದವನು ಲಂಡನ್ನಿನ ಜೋಸೆಫ್ ಮ್ಯಾಂಟನ್ (1766–1835). ಎರಡು ನಳಿಗೆಗಳ ನಡುವೆ ಎತ್ತರದ ಪಟ್ಟಿ ಕೂರಿಸಿ ಗುರಿ ಹಿಡಿಯುವುದನ್ನು ಸುಲಭಗೊಳಿಸುವ ವಿಧಾನಕ್ಕೆ ಆತ 1806ರಲ್ಲಿ ಹಕ್ಕುಪತ್ರ ಪಡೆದ. ಅದ್ಭುತ ಕುಶಲಿಯಾದರೂ ವ್ಯಾಜ್ಯಗಳಲ್ಲಿ ಹಣ ಕಳೆದುಕೊಂಡ ಮ್ಯಾಂಟನ್ 1826ರಲ್ಲಿ ದಿವಾಳಿಯಾದ. ಆತನ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಜೇಮ್ಸ್ ಪರ್ಡಿ, ಥಾಮಸ್ ಬಾಸ್ ಮೊದಲಾದವರು ಮುಂದೆ ತಮ್ಮದೇ ಸಂಸ್ಥೆಗಳನ್ನು ಕಟ್ಟಿದರು. ಪರ್ಡಿಯಂತೂ ಮ್ಯಾಂಟನ್‌ನ ಆಕ್ಸ್‌ಫರ್ಡ್ ಬೀದಿಯ ಮಳಿಗೆಯನ್ನೇ ಹಿಡಿದ. ಹೀಗಾಗಿ 19ನೆಯ ಶತಮಾನದ ಲಂಡನ್ ಕೋವಿಗಳ ವಂಶಾವಳಿಯಲ್ಲಿ ಹೆಚ್ಚಿನ ಎಳೆಗಳು ಮ್ಯಾಂಟನ್‌ನಿಂದಲೇ ಹೊರಡುತ್ತವೆ.

ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್ 1807ರಲ್ಲಿ ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಚಕಮಕಿಯ ಹೊಗೆ ಕಂಡೊಡನೆ ಬಾತುಗಳು ಎಚ್ಚೆತ್ತು ತಪ್ಪಿಸಿಕೊಳ್ಳುತ್ತಿದ್ದುದೇ ಆತನ ಪ್ರಯೋಗಗಳಿಗೆ ಪ್ರೇರಣೆ ಎಂದು ಹೇಳಲಾಗುತ್ತದೆ. ಇದರಿಂದ ಬೆಳೆದುಬಂದುದೇ ಕೇಪಿನ ಕೋವಿ. ಮಲೆನಾಡು ಮತ್ತು ಕೊಡಗಿನ ಹಳೆಯ ಮನೆಗಳಲ್ಲಿ ಈ ಹೆಸರು ಇಂದಿಗೂ ಪರಿಚಿತ.

1851ರ ಲಂಡನ್ ಮಹಾಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಶೊ ಮಾದರಿಯ, ಹಿಂಬದಿಯಿಂದ ತೋಟಾ ತುಂಬುವ ಕೋವಿ ಕಾಣಿಸಿಕೊಂಡಿತು. ಇಂಗ್ಲಿಷ್ ತಯಾರಕರು ಮೊದಲು ಇದನ್ನು ಹಗುರವಾಗಿ ಕಂಡರೂ ಹತ್ತು ವರ್ಷಗಳೊಳಗೆ ಅದರ ದಾರಿಗೇ ಬಂದರು. 1860ರ ದಶಕದಲ್ಲಿ ಬುಡದ ನಡುವೆ ಕೇಪು ಇರುವ ತೋಟಾ ಬಳಕೆಗೆ ಬಂತು. ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಸಂಸ್ಥೆಯ ಆ್ಯನ್ಸನ್ ಮತ್ತು ಡೀಲಿ 1875ರಲ್ಲಿ, ಹೊರಗೆ ಕಾಣುವ ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಇಲ್ಲದ ಸರಳ ಯಂತ್ರವನ್ನು ರೂಪಿಸಿದರು. 1880ರಲ್ಲಿ ಫ್ರೆಡರಿಕ್ ಬೀಸ್ಲಿ ಕಂಡುಹಿಡಿದ, ಸ್ಪ್ರಿಂಗಿನ ಬಲದಿಂದ ತಾನಾಗಿ ತೆರೆದುಕೊಳ್ಳುವ ಯಂತ್ರವನ್ನು ಪರ್ಡಿ ಸಂಸ್ಥೆ ಕೊಂಡುಕೊಂಡಿತು. ಅದನ್ನು ಇಂದಿಗೂ ಬಳಸುತ್ತಿದೆ. 20ನೆಯ ಶತಮಾನ ಆರಂಭವಾಗುವ ಹೊತ್ತಿಗೆ ಇಂಗ್ಲಿಷ್ ಜೋಡುನಳಿಗೆ ಕೋವಿ ತನ್ನ ಪೂರ್ಣ ರೂಪ ತಲುಪಿತ್ತು. ಆಮೇಲಿನ ಬದಲಾವಣೆಗಳು ಅಲ್ಪ.

ಯಾರು ಕೊಳ್ಳುತ್ತಿದ್ದರು

ಇಂಗ್ಲೆಂಡಿನಲ್ಲಿ ಬೇಟೆ ಬಹುಕಾಲ ಭೂಮಾಲೀಕರ ಹಕ್ಕಾಗಿತ್ತು. 1671ರ ಬೇಟೆ ಕಾಯಿದೆಯಂತೆ ವರ್ಷಕ್ಕೆ 100 ಪೌಂಡ್ ಆದಾಯದ ಸ್ವಂತ ಜಮೀನು ಇಲ್ಲದವನು ಸಾಮಾನ್ಯವಾಗಿ ಬೇಟೆಯಾಡುವಂತಿರಲಿಲ್ಲ. 1831ರ ಕಾಯಿದೆ ಈ ಆಸ್ತಿಯ ಷರತ್ತನ್ನು ತೆಗೆದು, ಪರವಾನಗಿ ಪಡೆದ ಯಾರೂ ಬೇಟೆಯಾಡಬಹುದೆಂದು ವಿಧಿಸಿತು. ಆದರೆ ಹಕ್ಕಿಗಳಿರುವ ನೆಲ ಭೂಮಾಲೀಕರದ್ದೇ ಆಗಿದ್ದುದರಿಂದ ವಾಸ್ತವದಲ್ಲಿ ಬದಲಾದುದು ಸ್ವಲ್ಪವೇ. ಗೇಣಿದಾರ ತನ್ನ ಬೆಳೆ ತಿನ್ನುವ ಮೊಲವನ್ನು ಕೊಲ್ಲುವ ಹಕ್ಕು ಪಡೆಯಲು 1880ರವರೆಗೆ ಕಾಯಬೇಕಾಯಿತು. ಲಂಡನ್ನಿನ ಶ್ರೇಷ್ಠ ಕೋವಿಯೊಂದರ ಬೆಲೆ ಹೊಲದ ಕೂಲಿಯಾಳೊಬ್ಬನ ಇಡೀ ವರ್ಷದ ಗಳಿಕೆಯನ್ನು ಮೀರುತ್ತಿತ್ತು ಎಂಬುದನ್ನು ಗಮನಿಸಿದರೆ ಲೆಕ್ಕದ ಪುಸ್ತಕಗಳಲ್ಲಿ ಕಾಣುವ ಹೆಸರುಗಳು ಏಕೆ ಅಂಥವು ಎಂಬುದು ಅರ್ಥವಾಗುತ್ತದೆ.

ವಿಕ್ಟೋರಿಯಾ ಯುಗದ ಮಧ್ಯದಲ್ಲಿ ಬೇಟೆಯ ರೀತಿಯೇ ಬದಲಾಯಿತು. ಮೊದಲು ಬೇಟೆಗಾರ ನಾಯಿಯೊಡನೆ ನಡೆದು ಹಕ್ಕಿಯನ್ನು ಹುಡುಕುತ್ತಿದ್ದ. ಈಗ ಆಳುಗಳು ಸಾಲಾಗಿ ಸೋವಿ ಹಕ್ಕಿಗಳನ್ನು ಎಬ್ಬಿಸಿ, ಕಾದುನಿಂತ ಬೇಟೆಗಾರರ ತಲೆಯ ಮೇಲೆ ಹಾರಿಸತೊಡಗಿದರು. ಒಂದು ಕೋವಿ ಸಾಲದಾಯಿತು. ಒಂದನ್ನು ಹೊಡೆಯುವಾಗ ಇನ್ನೊಂದನ್ನು ತುಂಬಿಕೊಡಲು ಸಹಾಯಕ ಬೇಕಾದ. ಇದರಿಂದ ಎಲ್ಲ ರೀತಿಯಿಂದಲೂ ಸಮನಾದ ಜೋಡಿ ಕೋವಿಗಳು, ಕೆಲವೊಮ್ಮೆ ಮೂರರ ಗುಂಪುಗಳು, ತಯಾರಾದವು. ಅವುಗಳ ಮೇಲೆ 1, 2, 3 ಎಂಬ ಅಂಕಿಗಳನ್ನು ಚಿನ್ನದಲ್ಲಿ ಕೂರಿಸುವುದು ವಾಡಿಕೆಯಾಯಿತು. ಮಾಲೀಕ ಸತ್ತಾಗ ಇಬ್ಬರು ಮಕ್ಕಳಿಗೆ ಒಂದೊಂದು ಹಂಚಿಹೋಗಿ, ಜೋಡಿ ಒಡೆದ ಪ್ರಸಂಗಗಳು ಅನೇಕ. 2 ಎಂಬ ಅಂಕಿಯಿರುವ ಒಂಟಿ ಕೋವಿ ಕಂಡರೆ ಅದರ ಜೊತೆಗಾರ ಎಲ್ಲೋ ಇರಬೇಕು, ಅಥವಾ ಇದ್ದಿರಬೇಕು, ಎಂದು ತಿಳಿಯಬೇಕು.

ಪ್ರಸಿದ್ಧ ಮಾಲೀಕರು

ಕರ್ನಲ್ ಪೀಟರ್ ಹಾಕರ್ (1786–1853) ಜೋಸೆಫ್ ಮ್ಯಾಂಟನ್‌ನ ಗ್ರಾಹಕ ಮತ್ತು ಸ್ನೇಹಿತ. 1809ರ ಟಾಲವೆರಾ ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು ಸೇನೆ ಬಿಟ್ಟ ಈತ ಬೇಟೆಗಾರರಿಗಾಗಿ ಬರೆದ ಕೈಪಿಡಿ 1814ರಲ್ಲಿ ಪ್ರಕಟವಾಗಿ ಹಲವು ಮುದ್ರಣಗಳನ್ನು ಕಂಡಿತು. ಕೋವಿ, ತಯಾರಕ ಮತ್ತು ಬಳಸಿದವನ ಅಭಿಪ್ರಾಯ ಮೂರೂ ಒಟ್ಟಿಗೆ ದಾಖಲಾಗಿರುವ ಮೊದಲ ಉದಾಹರಣೆಗಳಲ್ಲಿ ಹಾಕರ್‌ನ ದಿನಚರಿ ಮುಖ್ಯವಾದುದು.

ಪಂಜಾಬಿನ ಕೊನೆಯ ಸಿಖ್ ದೊರೆ ಮಹಾರಾಜ ದಲೀಪ್ ಸಿಂಗ್ ಈ ಪಟ್ಟಿಯಲ್ಲಿರುವ ಅತ್ಯಂತ ವಿಷಾದಕರ ವ್ಯಕ್ತಿ. 1849ರಲ್ಲಿ ಬಾಲಕನಾಗಿದ್ದಾಗಲೇ ರಾಜ್ಯ ಕಳೆದುಕೊಂಡು, 1854ರಲ್ಲಿ ಇಂಗ್ಲೆಂಡಿಗೆ ಬಂದ ಈತ ಸರ್ಕಾರದ ಪಿಂಚಣಿಯ ಆಧಾರದ ಮೇಲೆ 1863ರಲ್ಲಿ ಎಲ್ವೆಡನ್ ಎಸ್ಟೇಟನ್ನು ಪಡೆದು ಅದನ್ನು ಇಂಗ್ಲೆಂಡಿನ ಶ್ರೇಷ್ಠ ಬೇಟೆನೆಲಗಳಲ್ಲಿ ಒಂದಾಗಿ ಬೆಳೆಸಿದ. 1876ರ ಒಂದು ದಿನ ಸಾವಿರ ತೋಟಾಗಳಲ್ಲಿ 780 ಕವುಜುಗ ಹಕ್ಕಿಗಳನ್ನು ಹೊಡೆದುದು ಆ ಕಾಲದ ದಾಖಲೆ. ಸಾಲದ ಹೊರೆ ಮತ್ತು ಬ್ರಿಟಿಷ್ ಸರ್ಕಾರದೊಡನೆ ಕಲಹ ಹೆಚ್ಚಿ, 1886ರಲ್ಲಿ ಭಾರತಕ್ಕೆ ಹಿಂತಿರುಗಲು ಹೊರಟ ಆತನನ್ನು ಏಡನ್ನಿನಲ್ಲಿ ತಡೆಯಲಾಯಿತು. 1893ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನನಾದ. ಎಸ್ಟೇಟು ಗಿನ್ನೆಸ್ ಕುಟುಂಬದ ಪಾಲಾಯಿತು.

6ನೆಯ ಲಾರ್ಡ್ ವಾಲ್ಸಿಂಗ್‌ಹ್ಯಾಮ್ 1888ರ ಆಗಸ್ಟ್ 30ರಂದು ಯಾರ್ಕ್‌ಷೈರಿನ ಬ್ಲಬರ್‌ಹೌಸಸ್ ಬಯಲಿನಲ್ಲಿ ಒಬ್ಬನೇ 1,070 ಗ್ರೌಸ್ ಹಕ್ಕಿಗಳನ್ನು ಹೊಡೆದ. ಇದೇ ವ್ಯಕ್ತಿ ತನ್ನ ಕಾಲದ ದೊಡ್ಡ ಕೀಟವಿಜ್ಞಾನಿಯೂ ಆಗಿದ್ದ. ಆತ ಕೂಡಿಸಿದ ಸಣ್ಣ ಪತಂಗಗಳ ಬೃಹತ್ ಸಂಗ್ರಹ ಇಂದು ಲಂಡನ್ನಿನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಹಣ ಮುಗಿದಾಗ ಆತ ತನ್ನ ಆಸ್ತಿಯನ್ನು ಮಾರಬೇಕಾಯಿತು.

2ನೆಯ ಮಾರ್ಕ್ವಿಸ್ ಆಫ್ ರಿಪನ್ (1852–1923) ಇವರೆಲ್ಲರಲ್ಲಿ ಹೆಚ್ಚು ಹೆಸರಾದವನು. ತನ್ನ ಜೀವಿತದಲ್ಲಿ ಆತ ಕೊಂದ ಪ್ರಾಣಿಪಕ್ಷಿಗಳ ಸಂಖ್ಯೆ ಐದೂವರೆ ಲಕ್ಷವನ್ನು ಮೀರುತ್ತದೆ. ಲೆಕ್ಕವನ್ನು ಆತನೇ ಇಟ್ಟಿದ್ದ. ಕುದುರೆಯಿಲ್ಲದ ಹೊಸ ಮಾದರಿಗಳು ಬಂದ ಮೇಲೂ ಪರ್ಡಿಯ ಕುದುರೆ ಕೋವಿಗಳನ್ನು ಬಿಡಲಿಲ್ಲ. 1923ರ ಸೆಪ್ಟೆಂಬರ್ 22ರಂದು ಬೆಳಗ್ಗೆ 52 ಗ್ರೌಸ್‌ಗಳನ್ನು ಹೊಡೆದ ಬಳಿಕ ಬೇಟೆಯ ಬಯಲಿನಲ್ಲೇ ಕುಸಿದು ಸತ್ತ. ಈತನ ತಂದೆ 1880ರಿಂದ 1884ರವರೆಗೆ ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ರಿಪನ್. 1881ರಲ್ಲಿ ಮೈಸೂರು ಸಂಸ್ಥಾನವನ್ನು ಬ್ರಿಟಿಷ್ ಕಮಿಷನರ ಆಡಳಿತದಿಂದ ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದ್ದು ಆತನ ಅಧಿಕಾರಾವಧಿಯಲ್ಲಿಯೇ.

ದೊರೆ 5ನೆಯ ಜಾರ್ಜ್ ಕೂಡ ಕೊನೆಯವರೆಗೆ ಪರ್ಡಿ ಕುದುರೆ ಕೋವಿಗಳನ್ನೇ ಬಳಸಿದ. 1913ರ ಡಿಸೆಂಬರ್ 18ರಂದು ಹಾಲ್ ಬಾರ್ನ್ ಎಂಬಲ್ಲಿ ನಡೆದ ಬೇಟೆಯಲ್ಲಿ ಒಂದೇ ದಿನ 3,900ಕ್ಕೂ ಹೆಚ್ಚು ಫೆಸೆಂಟ್ ಹಕ್ಕಿಗಳು ಸತ್ತವು. ಅಂದು ಸ್ವತಃ ದೊರೆಗೇ ಇದು ಅತಿಯಾಯಿತೆನಿಸಿತೆಂದು ಜೊತೆಗಿದ್ದ ಮಗ ಮುಂದೆ ನೆನಪಿಸಿಕೊಂಡಿದ್ದಾನೆ. ಬೇಟೆಗೆ ಹೆಚ್ಚು ಹಗಲು ಸಿಗಲೆಂದು ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯ ಗಡಿಯಾರಗಳನ್ನು ಅರ್ಧ ಗಂಟೆ ಮುಂದಿಡುವ ಪದ್ಧತಿಯನ್ನು ಜಾರ್ಜ್‌ನ ತಂದೆ 7ನೆಯ ಎಡ್ವರ್ಡ್ ಆರಂಭಿಸಿದ್ದ. ಅದು 1936ರವರೆಗೂ ನಡೆಯಿತು.

ಎಲ್ಲ ಮಾಲೀಕರೂ ಕುಲೀನರಾಗಿರಲಿಲ್ಲ. ಅಮೆರಿಕದ ಗುರಿಗಾರ್ತಿ ಆ್ಯನಿ ಓಕ್ಲಿ 1887ರಲ್ಲಿ ಬಫಲೊ ಬಿಲ್ ತಂಡದೊಡನೆ ಲಂಡನ್ನಿಗೆ ಬಂದಾಗ ಚಾರ್ಲ್ಸ್ ಲ್ಯಾಂಕಾಸ್ಟರ್ ಸಂಸ್ಥೆಯಲ್ಲಿ ಹಾರುವ ಗುರಿ ಹೊಡೆಯುವ ಪಾಠ ಪಡೆದಳು. ಆಕೆಯ ಸಣ್ಣ ಮೈಕಟ್ಟಿಗೆ ಹೊಂದುವ ಹಗುರ ಕೋವಿಗಳನ್ನು ಆ ಸಂಸ್ಥೆ ಕಟ್ಟಿಕೊಟ್ಟಿತು.

ಮೈಯಳತೆಯ ಗುರುತು

ಕೋವಿಯ ಮರದ ಹಿಡಿಯನ್ನು ಆಕ್ರೋಟು ಮರದಿಂದ ಕೆತ್ತಲಾಗುತ್ತದೆ. ಟ್ರಿಗರಿನಿಂದ ಹಿಡಿಯ ತುದಿಯವರೆಗಿನ ಉದ್ದ ಮಾಲೀಕನ ತೋಳಿಗೆ, ಹಿಡಿ ಕೆಳಕ್ಕೆ ಬಾಗಿದ ಪ್ರಮಾಣ ಅವನ ಕೊರಳಿನ ಉದ್ದಕ್ಕೆ, ಪಕ್ಕಕ್ಕೆ ವಾಲಿದ ಪ್ರಮಾಣ ಅವನ ಎದೆಯ ಅಗಲಕ್ಕೆ ಅನುಗುಣವಾಗಿರುತ್ತವೆ. ಹಿಡಿ ಎಡಕ್ಕೆ ವಾಲಿದ್ದರೆ ಮಾಲೀಕ ಎಡಗೈಯವನು. ಬಲಭುಜಕ್ಕೆ ಆನಿಸಿ ಎಡಗಣ್ಣಿನಿಂದ ಗುರಿ ಹಿಡಿಯುವಂತೆ ವಿಪರೀತವಾಗಿ ಬಾಗಿಸಿದ ಹಿಡಿಗಳೂ ಉಂಟು. ಅಂಥದನ್ನು ಕಂಡರೆ ಮೊದಲ ಮಾಲೀಕ ಬಲಗಣ್ಣನ್ನು ಕಳೆದುಕೊಂಡಿದ್ದ, ಇಲ್ಲವೇ ಅದರ ದೃಷ್ಟಿ ತೀರ ಮಂದವಾಗಿತ್ತು ಎಂದು ಊಹಿಸಬಹುದು. ಹೆಸರು ಅಳಿದುಹೋದ ಕೋವಿಯಲ್ಲೂ ಮಾಲೀಕನ ಮೈಯಳತೆ ಹೀಗೆ ಉಳಿದಿರುತ್ತದೆ. ಮುಂದಿನವರು ಹಿಡಿಯನ್ನು ಬಿಸಿಮಾಡಿ ಬಾಗಿಸಿರುವುದು, ತುದಿಗೆ ಮರದ ತುಂಡು ಸೇರಿಸಿರುವುದು ಸಾಮಾನ್ಯವಾದುದರಿಂದ ಈ ಸಾಕ್ಷ್ಯವನ್ನು ಮೂಲ ಅಳತೆಯ ದಾಖಲೆಯೊಡನೆ ಹೋಲಿಸಬೇಕು.

ಹಿಡಿಯ ಕೆಳಬದಿಯಲ್ಲಿ ಚಿನ್ನದ ಅಥವಾ ಬೆಳ್ಳಿಯ ಸಣ್ಣ ಅಂಡಾಕಾರದ ತಗಡು ಇರುತ್ತದೆ. ಅದರಲ್ಲಿ ಮಾಲೀಕನ ಹೆಸರಿನ ಮೊದಲಕ್ಷರಗಳನ್ನೋ ಮನೆತನದ ಲಾಂಛನವನ್ನೋ ಕೆತ್ತಲಾಗುತ್ತಿತ್ತು. ಹಿತ್ತಾಳೆ ಮೂಲೆಗಳುಳ್ಳ ಓಕ್ ಮತ್ತು ತೊಗಲಿನ ಪೆಟ್ಟಿಗೆಯ ಮುಚ್ಚಳದೊಳಗೆ ತಯಾರಕರ ವಿಳಾಸದ ಚೀಟಿ ಅಂಟಿಸಿರುತ್ತದೆ. ಪರ್ಡಿ ಸಂಸ್ಥೆ 1880ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡ್ ಬೀದಿಯಿಂದ ಸೌತ್ ಆಡ್ಲಿ ಬೀದಿಯ ಆಡ್ಲಿ ಹೌಸ್‌ಗೆ ಸ್ಥಳಾಂತರವಾದುದರಿಂದ ಚೀಟಿಯ ವಿಳಾಸವೊಂದೇ ಕಾಲವನ್ನು ಸ್ಥೂಲವಾಗಿ ಹೇಳುತ್ತದೆ. ಆದರೆ ಚೀಟಿ ಪೆಟ್ಟಿಗೆಯ ಕಾಲವನ್ನು ಹೇಳುತ್ತದೆಯೇ ಹೊರತು ಕೋವಿಯದ್ದನ್ನಲ್ಲ. ಹಳೆಯ ಪೆಟ್ಟಿಗೆಗೆ ಬೇರೆ ಕೋವಿಯನ್ನು ಹೊಂದಿಸಿ ಮಾರುವುದು ಕಷ್ಟದ ಕೆಲಸವೇನಲ್ಲ.

ಕ್ರಮಸಂಖ್ಯೆ ಮತ್ತು ಲೆಕ್ಕದ ಪುಸ್ತಕ

ಕ್ರಮಸಂಖ್ಯೆಯನ್ನು ಸಾಮಾನ್ಯವಾಗಿ ಟ್ರಿಗರಿನ ಕಾವಲುಪಟ್ಟಿಯ ಬಾಲದ ಮೇಲೆ, ಯಂತ್ರಭಾಗದ ಸಮತಲದ ಮೇಲೆ, ನಳಿಗೆಗಳ ಅಡಿಯಲ್ಲಿ ಮತ್ತು ಮುಂಗೈ ಹಿಡಿಯುವ ಮರದೊಳಗಿನ ಕಬ್ಬಿಣದ ಮೇಲೆ ಕಾಣಬಹುದು. ಎಲ್ಲ ಕಡೆಯೂ ಒಂದೇ ಸಂಖ್ಯೆ ಇರಬೇಕು. ನಳಿಗೆಯ ಸಂಖ್ಯೆ ಬೇರೆಯಾಗಿದ್ದರೆ ಅದು ಬೇರೊಂದು ಕೋವಿಯಿಂದ ಬಂದುದು. ಪರ್ಡಿ, ಹಾಲಂಡ್ ಅಂಡ್ ಹಾಲಂಡ್, ಬಾಸ್, ವೆಸ್ಟ್ಲಿ ರಿಚರ್ಡ್ಸ್ ಮೊದಲಾದ ಸಂಸ್ಥೆಗಳ ಹಳೆಯ ಪುಸ್ತಕಗಳು ಬಹುಮಟ್ಟಿಗೆ ಉಳಿದಿವೆ. ಸಂಖ್ಯೆ ಕೊಟ್ಟು ವಿಚಾರಿಸಿದರೆ ತಯಾರಿಯ ವರ್ಷ, ಮೊದಲ ಗ್ರಾಹಕ, ಬೋರು, ನಳಿಗೆಯ ಉದ್ದ ಮುಂತಾದ ವಿವರಗಳ ಪತ್ರ ದೊರೆಯುತ್ತದೆ. ಅನೇಕ ಸಣ್ಣ ತಯಾರಕರ ಪುಸ್ತಕಗಳು ನಾಶವಾಗಿವೆ. ಅಂಥ ಕೋವಿಗಳ ಮಾಲೀಕರು ಬಹುಶಃ ಎಂದಿಗೂ ತಿಳಿಯುವುದಿಲ್ಲ.

ಪುಸ್ತಕದಲ್ಲಿ ಹೆಸರು ಸಿಕ್ಕಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಲ್ಲಿ ಬರೆದಿರುವುದು ಹಣ ಕೊಟ್ಟವನ ಹೆಸರು. ಪ್ರಾಯಕ್ಕೆ ಬಂದ ಮಗನಿಗೆ ತಂದೆ ಕೊಡಿಸಿದ ಕೋವಿ ತಂದೆಯ ಹೆಸರಿನಲ್ಲಿರಬಹುದು. ಬಿರುದುಗಳು ಇನ್ನೂ ಗೊಂದಲ ತರುತ್ತವೆ. ಮೇಲೆ ಹೇಳಿದ ರಿಪನ್‌ನನ್ನೇ ತೆಗೆದುಕೊಳ್ಳಬಹುದು. ಆತ 1871ರಿಂದ 1909ರವರೆಗೆ 'ಅರ್ಲ್ ಡಿ ಗ್ರೇ' ಎನಿಸಿಕೊಂಡಿದ್ದ. ತಂದೆ ತೀರಿಕೊಂಡ ಮೇಲಷ್ಟೇ 'ಮಾರ್ಕ್ವಿಸ್ ಆಫ್ ರಿಪನ್' ಆದ. ಆದುದರಿಂದ 1890ರ ದಶಕದ ನಮೂದಿನಲ್ಲಿ 'ಮಾರ್ಕ್ವಿಸ್ ಆಫ್ ರಿಪನ್' ಎಂದಿದ್ದರೆ ಅದು ಪ್ರಖ್ಯಾತ ಬೇಟೆಗಾರನಲ್ಲ, ಮಾಜಿ ವೈಸ್‌ರಾಯ್ ಆದ ಆತನ ತಂದೆ. 1871ಕ್ಕೆ ಮೊದಲಿನ 'ಅರ್ಲ್ ಡಿ ಗ್ರೇ' ಕೂಡ ಆ ತಂದೆಯೇ. ಇದು ಸಾಲದೆಂಬಂತೆ ಲಾರ್ಡ್ ವಾಲ್ಸಿಂಗ್‌ಹ್ಯಾಮ್‌ನ ಮನೆತನದ ಹೆಸರೂ 'ಡಿ ಗ್ರೇ'. ತಂದೆಯ ಬಿರುದು ಬರುವ ಮೊದಲು ಆತನ ಹೆಸರು ಥಾಮಸ್ ಡಿ ಗ್ರೇ ಎಂದಿತ್ತು. ಒಂದೇ ಕಾಲದಲ್ಲಿ, ಒಂದೇ ಬಗೆಯ ಬೇಟೆಯಲ್ಲಿ ತೊಡಗಿದ್ದ ಇಬ್ಬರು ಪ್ರಸಿದ್ಧರ ಹೆಸರು ಹೀಗೆ ಬೆರೆತಿರುವುದರಿಂದ 'ಡಿ ಗ್ರೇ ಕೋವಿ' ಎಂಬ ಮಾತು ಕೇಳಿದಾಗ ಮೊದಲು ವರ್ಷವನ್ನು ನೋಡಬೇಕು.

ಇದರ ಪರಿಣಾಮ ಬೆಲೆಯಲ್ಲಿ ನೇರವಾಗಿ ಕಾಣುತ್ತದೆ. ಪ್ರಸಿದ್ಧನೊಬ್ಬನಿಗೆ ಸೇರಿತ್ತೆಂದು ದಾಖಲೆಯಿಂದ ಸಿದ್ಧವಾದ ಕೋವಿ, ಅದೇ ತಯಾರಕರ ಅದೇ ದರ್ಜೆಯ ಇನ್ನೊಂದಕ್ಕಿಂತ ಹರಾಜಿನಲ್ಲಿ ಬಹಳ ಹೆಚ್ಚು ಬೆಲೆ ಪಡೆಯಬಲ್ಲುದು.

ತಯಾರಕರ ಹೆಸರಿನ ಗೊಂದಲ

ಕೋವಿಯ ಮೇಲಿನ ಹೆಸರು ಎಂದಿಗೂ ತಯಾರಕನದ್ದೇ ಎಂದು ತಿಳಿಯಬಾರದು. ಬ್ರಿಟನ್ನಿನ ಸಣ್ಣ ಪಟ್ಟಣಗಳ ಎಷ್ಟೋ ವ್ಯಾಪಾರಿಗಳು ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿಸಿ ತಮ್ಮ ಹೆಸರನ್ನು ಕೆತ್ತಿಸುತ್ತಿದ್ದರು. ಕಲ್ಕತ್ತೆಯ ಮ್ಯಾಂಟನ್ ಮತ್ತು ರೋಡಾ ಕಂಪನಿಗಳ ಹೆಸರಿನಲ್ಲಿ ಭಾರತದಲ್ಲಿ ಮಾರಾಟವಾದ ಕೋವಿಗಳೂ ಬಹುತೇಕ ಇಂಗ್ಲೆಂಡಿನಲ್ಲಿಯೇ ಆದವು. (1914ರ ಆಗಸ್ಟಿನಲ್ಲಿ ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲುಗಳನ್ನು ಅಪಹರಿಸಿದ್ದು ಇದೇ ರೋಡಾ ಕಂಪನಿಯ ಸರಕಿನಿಂದ.) ಬೆಲ್ಜಿಯಮ್ಮಿನಿಂದ ಬಂದ ಅಗ್ಗದ ಕೋವಿಗಳ ಮೇಲೆ 'ಡಬ್ಲ್ಯು. ರಿಚರ್ಡ್ಸ್' ಎಂಬಂತಹ, ವೆಸ್ಟ್ಲಿ ರಿಚರ್ಡ್ಸ್ ಎಂದು ಭ್ರಮಿಸುವಂತಹ ಹೆಸರುಗಳಿರುತ್ತವೆ.

ಇಂತಹ ಸಂದೇಹವನ್ನು ತೀರಿಸುವುದು ನಳಿಗೆಯಡಿಯ ಪರೀಕ್ಷಾ ಮುದ್ರೆ. 1637ರಲ್ಲಿ ರಾಜಸನ್ನದು ಪಡೆದ ಲಂಡನ್ನಿನ ಕೋವಿಕಾರರ ಸಂಘ ಮತ್ತು 1813ರ ಶಾಸನದಿಂದ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ ನಳಿಗೆಗಳಲ್ಲಿ ಹೆಚ್ಚು ಮದ್ದು ತುಂಬಿ ಸಿಡಿಸಿ, ತಾಳಿದವುಗಳಿಗೆ ಮಾತ್ರ ಮುದ್ರೆ ಒತ್ತುತ್ತವೆ. ಬೆಲ್ಜಿಯಮ್ಮಿನ ಲಿಯೇಜ್ ನಗರದ ಮುದ್ರೆ ಇದ್ದರೆ ಮೇಲಿನ ಇಂಗ್ಲಿಷ್ ಹೆಸರಿಗೆ ಬೆಲೆಯಿಲ್ಲ. ಮುದ್ರೆಗಳು ಕಾಲಕಾಲಕ್ಕೆ ಬದಲಾದುದರಿಂದ ಅವು ತಯಾರಿಯ ಕಾಲವನ್ನೂ ಸೂಚಿಸುತ್ತವೆ. ಉದಾಹರಣೆಗೆ 'ನಾಟ್ ಫಾರ್ ಬಾಲ್', ಅಂದರೆ ಗುಂಡಿಗೆ ತಕ್ಕುದಲ್ಲ, ಎಂಬ ಬರಹ 1875ರಿಂದ 1887ರವರೆಗಿನದು; ಬಾಯಿಯ ಬಳಿ ಕಿರಿದಾಗಿಸಿದ ನಳಿಗೆಗಳಿಗೆ ಇದನ್ನು ಒತ್ತುತ್ತಿದ್ದರು.

ಬಳಕೆಯ ಅಪಾಯ

ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ, ಸುರುಳಿ ಚಿತ್ತಾರದ ಡಮಾಸ್ಕಸ್ ನಳಿಗೆಗಳು ಕಪ್ಪು ಮದ್ದಿನ ಕಾಲದವು. ನೋಡಲು ಸುಂದರವಾದರೂ, ಇಂದಿನ ಹೊಗೆರಹಿತ ಮದ್ದಿನ ಒತ್ತಡಕ್ಕೆ ಅವುಗಳನ್ನು ಪರೀಕ್ಷಿಸಿರದಿದ್ದರೆ ನಳಿಗೆ ಸಿಡಿದು ಬಳಸುವವನ ಎಡಗೈ ಛಿದ್ರವಾಗಬಹುದು. ತೋಟಾ ಕೂರುವ ಗೂಡಿನ ಉದ್ದವೂ ಗಮನಿಸಬೇಕಾದ ಸಂಗತಿ. ಹಳೆಯ ಇಂಗ್ಲಿಷ್ 12 ಬೋರ್ ಕೋವಿಗಳ ಗೂಡು ಸಾಮಾನ್ಯವಾಗಿ ಎರಡೂವರೆ ಅಂಗುಲದ್ದು. ಈಗಿನ 70 ಮಿ.ಮೀ. ತೋಟಾ ಅದರೊಳಗೆ ಹೋಗುತ್ತದೆ, ಆದರೆ ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಸ್ಥಳವಿಲ್ಲದೆ ಒತ್ತಡ ಏರುತ್ತದೆ. ತುಕ್ಕು ತೆಗೆಯಲು ಪದೇ ಪದೇ ಉಜ್ಜಿದ ನಳಿಗೆಯ ಗೋಡೆ ತೆಳುವಾಗಿರುತ್ತದೆ. ಹೊರಗಿನ ಹೊಳಪಿನಿಂದ ಇದಾವುದೂ ತಿಳಿಯುವುದಿಲ್ಲ. ಅನುಭವಿ ಕೋವಿಕಾರನ ಅಳತೆಯಿಂದಲೇ ತಿಳಿಯಬೇಕು.

ಕಾನೂನು

ಬ್ರಿಟನ್ನಿನಲ್ಲಿ ಬಾಯಿಂದ ತುಂಬುವ ಹಳೆಯ ಕೋವಿಗಳನ್ನು ಅಲಂಕಾರಕ್ಕಾಗಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಈಗಲೂ ತೋಟಾ ದೊರೆಯುವ 12 ಬೋರ್ ಕೋವಿ ಎಷ್ಟೇ ಹಳೆಯದಾದರೂ ಅದಕ್ಕೆ ಪರವಾನಗಿ ಬೇಕು.

ಭಾರತದಲ್ಲಿ ಆಯುಧದ ಪರವಾನಗಿಗೆ ರಾಜಕೀಯ ಇತಿಹಾಸವಿದೆ. ವೈಸ್‌ರಾಯ್ ಲಿಟ್ಟನ್ ತಂದ 1878ರ ಆಯುಧ ಕಾಯಿದೆ ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಮುಂದೆ ಬಂದ ರಿಪನ್, ಲಿಟ್ಟನ್‌ನ ದೇಶಭಾಷಾ ಪತ್ರಿಕಾ ಕಾಯಿದೆಯನ್ನು 1882ರಲ್ಲಿ ರದ್ದು ಮಾಡಿದರೂ ಆಯುಧ ಕಾಯಿದೆಯನ್ನು ಮುಟ್ಟಲಿಲ್ಲ. ಮಗ ಇಂಗ್ಲೆಂಡಿನಲ್ಲಿ ಹಕ್ಕಿಗಳನ್ನು ಸಾವಿರಗಟ್ಟಲೆ ಹೊಡೆಯುತ್ತಿದ್ದ ವರ್ಷಗಳಲ್ಲಿ ತಂದೆ ಆಳುತ್ತಿದ್ದ ದೇಶದ ರೈತ ಒಂದು ಕೋವಿಗಾಗಿ ಅಧಿಕಾರಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾಗಿತ್ತು. ಇಂದು 1959ರ ಆಯುಧ ಕಾಯಿದೆ ಜಾರಿಯಲ್ಲಿದ್ದು, ಪಿತ್ರಾರ್ಜಿತವಾಗಿ ಬಂದ ಹಳೆಯ ಕೋವಿಗೂ ಅದು ಅನ್ವಯಿಸುತ್ತದೆ. ಕೊಡವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಮುಂದುವರಿದಿದೆ. ಜೋಡುನಳಿಗೆ ಕೋವಿಯೂ ಇದರಲ್ಲಿ ಸೇರಿದ್ದು, ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಈ ವಿನಾಯಿತಿಯನ್ನು ಎತ್ತಿಹಿಡಿಯಿತು.